ಎರಡನೆಯ ಅನುಭವ ಪತ್ರ

ಆ ಒಂದು ಶಬ್ದವನ್ನು ಟೈಪು ಮಾಡಿದ ಮೇಲೆ ಕಳಕಮ್ಮನಿಗೆ ಕೈ ತೊಳೆಯಬೇಕೆನ್ನಿಸಿತು. ಎದ್ದು ಹೋಗಿ ತೊಳೆದಳು ಕೂಡ. ಬೆಳಗಿನ ಎಂಟು ಗಂಟೆಗೇ ನಲ್ಲಿಯ ನೀರು ಬೆಚ್ಚಗಿತ್ತು. ಜೂನ್ ತಿಂಗಳ ಎರಡನೆಯ ವಾರ. ಗಂಗಾವತಿಯ ಮೇಲೆ ಎರಡು ದಿನ ಮೋಡ ಕಟ್ಟಿ, ಹನಿಯನ್ನೂ ಉದುರಿಸದೆ, ಧಗೆಯೊಂದನ್ನೇ ಬಿಟ್ಟುಹೋಗಿತ್ತು. ಕೈ ಒರೆಸಿಕೊಂಡು ಬಂದು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕುಳಿತಳು. 'ಅಸಿಸ್ಟೆಂಟ್' ಎಂಬ ಆ ಶಬ್ದ ಅಲ್ಲೇ ಇತ್ತು. ರಂಜಿತಾ ಎಂಬುವವರು ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ೨೦೧೮ರ ಜೂನ್‌ನಿಂದ ೨೦೨೧ರ ಮಾರ್ಚ್‌ವರೆಗೆ ಅಸಿಸ್ಟೆಂಟ್ ಆಗಿ ಕೆಲಸ ಮಾಡಿದ್ದಾರೆಂದು ಇಂಗ್ಲಿಷಿನಲ್ಲಿ, ನಡುವೆ ಎಲ್ಲೂ ತಪ್ಪಿಲ್ಲದೆ. ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವಳು ಅವಳು. ಉತ್ತರ ಸುಳ್ಳಿದ್ದರೂ ಹಂತಗಳೆಲ್ಲ ಸರಿಯಾಗಿ ಕಾಣುವ ಹಾಗೆ ಲೆಕ್ಕ ಬರೆಯುವ ಹುಡುಗರನ್ನು ಎಷ್ಟು ಸಲ ಹಿಡಿದಿಲ್ಲ. ಹಿಡಿದಾಗ ಬೈಯುತ್ತಿರಲಿಲ್ಲ. ನೋಟುಪುಸ್ತಕದ ಅಂಚಿನಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಇಡುತ್ತಿದ್ದಳು, ಅಷ್ಟೇ. ಈಗ ಪರದೆಯ ಅಂಚಿನಲ್ಲಿ ಅಂಥದ್ದೇನೂ ಇರಲಿಲ್ಲ.

ರಂಜಿತಾ ಹನ್ನೆರಡಕ್ಕೆ ಬರುತ್ತೇನೆಂದಿದ್ದಳು. ಹೈದರಾಬಾದಿನಿಂದ ಬಂದು, ಪತ್ರ ತಗೊಂಡು, ಹನುಮನಹಳ್ಳಿಯಲ್ಲಿ ಅವ್ವನನ್ನು ನೋಡಿ ಸಂಜೆಯೇ ವಾಪಸ್ಸು. ಹೋದ ವಾರ ಫೋನಿನಲ್ಲಿ ಆಕೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು, ಹಿಂದೆ ಕೇಂದ್ರದಲ್ಲಿ ಹೊಸ ಮಕ್ಕಳಿಗೆ ಹೇಳುತ್ತಿದ್ದಷ್ಟೇ ನಿಧಾನವಾಗಿ. 'ಲಾಟರಿಯೊಳಗ ನನ್ನ ಹೆಸರು ಬಂದೈತ್ರಿ ಮ್ಯಾಡಂ. ನಿಜವಾದ ಲಾಟರಿನ್ರಿ, ನಗಬ್ಯಾಡ್ರಿ. ಅಲ್ಲಿ ಕೆಲಸಕ್ಕ ಹೋಗೋ ವೀಸಾಕ್ಕ ಅಮೆರಿಕಾದ ಸರಕಾರ ಹಂಗ ಚೀಟಿ ಎತ್ತತೈತಿ. ಇನ್ನ ಕಂಪನಿಯವರು ಜೂನ್ ಮೂವತ್ತರೊಳಗ ಅರ್ಜಿ ಹಾಕಬೇಕು.' ಆಮೇಲೆ ತೊಡಕು ಹೇಳಿದಳು. ಅವಳದು ಮೂರು ವರ್ಷದ ಬಿಸಿಎ. ಅವರಿಗೆ ಬೇಕಾದದ್ದು ನಾಲ್ಕು ವರ್ಷದ ಡಿಗ್ರಿ. ಕಡಿಮೆ ಬಿದ್ದ ಒಂದು ವರ್ಷದ ಓದಿಗೆ ಮೂರು ವರ್ಷದ ಕೆಲಸ ತೋರಿಸಿದರೆ ಒಪ್ಪುತ್ತಾರಂತೆ. ಹೈದರಾಬಾದಿನಲ್ಲಿ ಎರಡೇ ವರ್ಷ ಆಗಿದೆ. 'ಉಳಿದದ್ದು ನಿಮ್ಮ ಹತ್ರ ಐತ್ರಿ' ಎಂದು ನಕ್ಕಿದ್ದಳು. ಕಳಕಮ್ಮ, 'ನಿನ್ನ ಕೆಲಸ ನೋಡೇ ಕರಿಯಾಕತ್ತಾರಲ್ಲವಾ, ಮತ್ತ ಕಾಗದ ಯಾಕ?' ಎಂದು ಕೇಳಿದ್ದಳು. 'ಮ್ಯಾನೇಜರಿಗೆ ನಾ ಏನು ಮಾಡ್ತೀನಂತ ಗೊತ್ತೈತ್ರಿ. ಸರಕಾರಕ್ಕ ನಾ ಕಾಣೂದಿಲ್ಲಲ್ರಿ, ಕಾಗದ ಕಾಣತೈತಿ. ಕಾಗದಾ ಗಟ್ಟಿ ಇದ್ದವರನ್ನ ನೋಡೇ ಈಗೀಗ ಕಂಪನಿಯವರು ಲಾಟರಿಗೆ ಹೆಸರು ಕೊಡ್ತಾರ. ದೀಪಾವಳಿಗೆ ಹೈದರಾಬಾದಿನ ನಮ್ಮ ತಂಡ ಮುಚ್ಚತಾರ್ರಿ. ಅಲ್ಲಿಗೆ ಹೋದವರು ಹೋದ್ರು, ಉಳಿದವರು ಮನೀಗೆ.' ಈ ಮಾತನ್ನು ಆಕೆ ದೂರಿನಂತೆ ಹೇಳಿರಲಿಲ್ಲ. ಬಸ್ಸಿನ ಟೈಮು ಹೇಳಿದಂತೆ ಹೇಳಿದ್ದಳು. 'ಕೊಡ್ತೀನವಾ, ಅದ್ಕೇನು' ಎಂದು ಕಳಕಮ್ಮ ತಕ್ಷಣ ಒಪ್ಪಿದ್ದಳು. ಫೋನು ಇಟ್ಟು, ಬಿಸಿಯಾದ ಎಣ್ಣೆಗೆ ಜೀರಿಗೆ ಹಾಕುವಾಗ, ಇಂಥದೇ ಒಂದು ಪತ್ರವನ್ನು ತಾನು ಆಗಲೇ ಒಮ್ಮೆ ಬರೆದುಕೊಟ್ಟಿದ್ದೇನೆಂಬುದು ನೆನಪಾಯಿತು. ಜೀರಿಗೆ ಕರಕಾಯಿತು.

ತಮ್ಮ ಅಂದಪ್ಪನ ಮನೆಯ ಮಹಡಿಯ ಮೇಲಿದೆ ಅವಳ ಕೋಣೆ. ಕೆಳಗೆ ಅವನ ಗೊಬ್ಬರದ ಅಂಗಡಿ, ಅದರ ಹಿಂದೆ ಅವನ ಸಂಸಾರ. ಮದುವೆಯಾಗದ ಅಕ್ಕನಿಗೆ ಮಹಡಿ ಕಟ್ಟಿಸಿಕೊಟ್ಟದ್ದನ್ನು ಅಂದಪ್ಪ ಒಮ್ಮೆಯೂ ಆಡಿ ತೋರಿಸಿದವನಲ್ಲ. ಮೊಣಕಾಲು ನೋವು ಶುರುವಾದ ವರ್ಷ, ಕೇಳದೆಯೇ, ಮೆಟ್ಟಿಲಿಗೆ ಇನ್ನೊಂದು ಕಡೆಯೂ ಹಿಡಿಕೆ ಹಾಕಿಸಿದ್ದ. ಶಾಲೆಯಿಂದ ನಿವೃತ್ತಳಾದ ಮೇಲೆ ಅವಳು ತೆರೆದ ಕಂಪ್ಯೂಟರ್ ಕೇಂದ್ರ ನಡೆದದ್ದೂ ಅಂಗಡಿಯ ಪಕ್ಕದ ಅವನ ಮಳಿಗೆಯಲ್ಲೇ. ಎಂಟು ಕಂಪ್ಯೂಟರು, ಊರಿನವರ ಬಾಯಲ್ಲಿ 'ಕಳಕಮ್ಮ ಮ್ಯಾಡಂ ಸೆಂಟರ್.' ರಂಜಿತಾ ಬಿಸಿಎ ಮುಗಿಸಿ ಮೊದಲ ದಿನ ಬಂದಾಗ ಅವಳ ಅವ್ವ ಮಾರೆವ್ವನೂ ಬಂದಿದ್ದಳು. ನಾಟಿ ಇಲ್ಲದ ದಿನಗಳಲ್ಲಿ ಸಾಣಾಪುರದ ಪ್ರವಾಸಿಗರ ವಸತಿಗಳಲ್ಲಿ ಹಾಸಿಗೆ ಬಟ್ಟೆ ಒಗೆಯುವ ಹೆಂಗಸು. ಕಂಪ್ಯೂಟರುಗಳ ಮೇಲಿನ ಧೂಳು ನೋಡಿ ಏನೂ ಅನ್ನದೆ ಹೋಗಿ, ಮುಂದಿನ ವಾರ ಹಳೆಯ ಸೀರೆ ಹರಿದು ಎಂಟಕ್ಕೂ ಹೊದಿಕೆ ಹೊಲಿದು ಕಳಿಸಿದ್ದಳು. ಅಂಥವರ ಮಗಳನ್ನು ಕಳಕಮ್ಮ ಮನೆಯ ಹುಡುಗಿಯಂತೆಯೇ ನೋಡಿಕೊಂಡಳು. ಮಧ್ಯಾಹ್ನ ಮೇಲೆ ಕರೆದು ತನ್ನ ಜೊತೆಗೇ ಊಟಕ್ಕೆ ಕೂಡಿಸುತ್ತಿದ್ದಳು. ಹಬ್ಬಕ್ಕೆ ಚೂಡಿದಾರದ ಬಟ್ಟೆ ಕೊಡಿಸುತ್ತಿದ್ದಳು. ಮನೆಯ ಹುಡುಗಿಗೆ ಹಾಜರಿ ಪುಸ್ತಕ ಯಾಕೆ? ನೇಮಕದ ಆದೇಶ ಯಾಕೆ? ಹಾಗಂತ ಯೋಚಿಸಿ ಬಿಟ್ಟದ್ದೂ ಅಲ್ಲ. ಆ ಯೋಚನೆಯೇ ಬಂದಿರಲಿಲ್ಲ, ಈಗ ಅದೇ ಹೆಚ್ಚು ಚುಚ್ಚುತ್ತದೆ. ಪ್ರೀತಿಯಿಂದ ಮಾಡಿದ್ದೆಂದು ಇಷ್ಟು ವರ್ಷ ಅಂದುಕೊಂಡದ್ದು, ಹತ್ತಿರ ಹೋಗಿ ನೋಡಿದರೆ, ಹೆಸರು ಬರೆಯದೆ ಉಳಿಸಿಕೊಂಡ ಹಾಜರಿ.

ಸರಕಾರದ ಕೌಶಲ್ಯ ತರಬೇತಿಯೊಂದು ಕೇಂದ್ರಕ್ಕೆ ಸಿಕ್ಕಾಗ, ಮುಖ್ಯ ಬೋಧಕರು ಬಿಇ ಓದಿರಬೇಕು ಎಂಬ ಷರತ್ತಿತ್ತು. ಅಂದಪ್ಪನ ಮಗ ಬಸವಕುಮಾರ ಬಿಇ ಮುಗಿಸಿ ಬೆಂಗಳೂರಿನಲ್ಲಿ ಗೆಳೆಯರ ರೂಮಿನಲ್ಲಿದ್ದ, ಕೆಲಸ ಹುಡುಕುತ್ತ. ಅವನ ಹೆಸರು ಬೋರ್ಡಿಗೆ ಬಂತು. ಮನೆಯವನ ಹೆಸರು ಮನೆಯ ಬೋರ್ಡಿನ ಮೇಲೆ, ಅದರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಕೊಪ್ಪಳದಿಂದ ತಪಾಸಣೆಗೆ ಅಧಿಕಾರಿ ಬರುವ ದಿನ ಅವನನ್ನು ಕರೆಸಿದರು. ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಕರಿಹಲಗೆಯ ಹತ್ತಿರ ನಿಂತ. ರಂಜಿತಾಳಿಗೆ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ. ಆಕೆಯೇ ಸುತ್ತ ನೋಡಿ, ತಾನು ಕಲಿಸುತ್ತಿದ್ದ ಹುಡುಗಿಯರ ನಡುವೆ ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಕೊಂಡಳು. ಅಧಿಕಾರಿ ಭತ್ತದ ಮಿಲ್ಲಿನ ಪ್ರೋಗ್ರಾಮಿನ ಬಗ್ಗೆ ಕೇಳಿದ. ಮುರ್ತುಜಾಸಾಬರ ಮಿಲ್ಲಿಗೆಂದು ರಂಜಿತಾ ಆರು ತಿಂಗಳು ಕೂತು ಬರೆದದ್ದು ಅದು. ಗಾಡಿಯಿಂದ ಚೀಲ ಇಳಿದು ತೂಕವಾಗಿ, ಹಸಿ ಎಷ್ಟು ಒಣ ಎಷ್ಟೆಂದು ನೋಡಿ, ಅಕ್ಕಿ ನುಚ್ಚು ತೌಡು ಬೇರೆಯಾಗುವ ತನಕ ಎಲ್ಲದರ ಲೆಕ್ಕ. ಬಸವಕುಮಾರ ಎರಡು ವಾಕ್ಯ ಹೇಳಿ ನಿಂತ. ಹಿಂದಿನ ಬೆಂಚಿನಿಂದ ರಂಜಿತಾ ಕೈ ಎತ್ತಿ, 'ಸರ್, ನೀವು ನಿನ್ನೆ ಹೇಳಿಕೊಟ್ರಲ್ರಿ, ನಾ ಹೇಳ್ಲೇನ್ರಿ?' ಎಂದಳು. ಎದ್ದು ನಿಂತು ಪೂರಾ ಹೇಳಿದಳು. ಅಧಿಕಾರಿ ಬಸವಕುಮಾರನ ಬೆನ್ನು ತಟ್ಟಿ, 'ನಿಮ್ಮ ಸ್ಟೂಡೆಂಟ್ಸ್ ಭಾಳ ಚುರುಕ ಅದಾರ' ಎಂದ. ಅವತ್ತು ಸಂಜೆ ಎಲ್ಲರೂ ನಕ್ಕರು. ರಂಜಿತಾ ಎಲ್ಲರಿಗಿಂತ ಹೆಚ್ಚು ನಕ್ಕು, ಎಲ್ಲರಿಗೂ ಚಹಾ ಮಾಡಿಕೊಟ್ಟಳು. ತನಗೆ ಮಾಡಿಕೊಂಡಳೋ ಇಲ್ಲವೋ, ಕಳಕಮ್ಮ ನೋಡಲಿಲ್ಲ. ಉಳಿದವರ ಸಣ್ಣ ಒಳ್ಳೆಯತನಗಳನ್ನೆಲ್ಲ ಗುರುತಿಟ್ಟುಕೊಳ್ಳುವ ತನ್ನ ಕಣ್ಣು ಅವತ್ತು ಆ ಒಂದು ಕಪ್ಪನ್ನು ಯಾಕೆ ನೋಡಲಿಲ್ಲ?

ಎರಡನೆಯ ಲಾಕ್‌ಡೌನಿಗೆ ಕೇಂದ್ರ ಮುಚ್ಚಿತು. ರಂಜಿತಾ ಆನೆಗೊಂದಿ ರಸ್ತೆಯ ಔಷಧಿ ಅಂಗಡಿಯಲ್ಲಿ ಎರಡು ವರ್ಷ ಬಿಲ್ಲು ಬರೆದಳು. ಬಸವಕುಮಾರ ಮುಂದೆ ಓದಲು ಅಮೆರಿಕಾಕ್ಕೆ ಹೋಗಿ, ಕೆಲಸ ಹಿಡಿದು, ಮದುವೆಯಾದ. ಎರಡು ವರ್ಷದ ಹಿಂದೆ ಅವನ ಫೋನು ಬಂದಿತ್ತು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಲ್ಲಬೇಕು ಅತ್ತಿ, ಈಗಿನ ಕಂಪನಿ ಸೇರುವ ಮುಂಚಿನ ಅನುಭವ ತೋರಿಸಬೇಕು, ನಿನ್ನ ಸೆಂಟರಿಂದು ಒಂದು ಪತ್ರ. ಒಕ್ಕಣೆ ಅವನೇ ಕಳಿಸಿದ. ಮಿಲ್ಲಿನ ಪ್ರೋಗ್ರಾಮನ್ನು ಇವರು ಬೇರಾರ ನೆರವಿಲ್ಲದೆ, ಒಬ್ಬರೇ, ಮೊದಲಿನಿಂದ ಕೊನೆಯ ತನಕ ಸಿದ್ಧಪಡಿಸಿದರು ಎಂದಿತ್ತು. ಕಳಕಮ್ಮ ಓದಿದಳು. ಓದಲಿಲ್ಲವೆಂದು ಹೇಳಿಕೊಳ್ಳುವ ಹಾಗಿಲ್ಲ, ಒಂದು ಅಲ್ಪವಿರಾಮವನ್ನು ತಿದ್ದಿದ್ದಳು. ತಿದ್ದಿ ಸಹಿ ಮಾಡಿದಳು. ಕೆಳಗೆ ಅಂದಪ್ಪ ಮೆಟ್ಟಿಲಿನ ಹಿಡಿಕೆಗೆ ಬಣ್ಣ ಹೊಡೆಸುತ್ತಿದ್ದ.

ನಿನ್ನೆ ಬಸವಕುಮಾರನಿಗೆ ತಾನೇ ಫೋನು ಮಾಡಿ, ರಂಜಿತಾ ಪತ್ರ ಕೇಳಿದ್ದಾಳೆ, ನಾಳೆ ಬರುತ್ತಾಳೆ ಎಂದಳು. ಆ ಕಡೆ ಮಗು ಏನೋ ಹಾಡಿಕೊಳ್ಳುತ್ತಿತ್ತು. ಅವನು ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿಸಿತು. 'ಅತ್ತಿ, ಒಂದs ಸೆಂಟರು, ಒಂದs ಪ್ರೋಗ್ರಾಮು, ಒಂದs ಸಹಿ. ಇಬ್ಬರಿಗೂ ಅದನ್ನ ಬರದುಕೊಟ್ರ ಅವರು ಕಣ್ಣು ಮುಚ್ಚಿಕೊಂಡು ಕುಂದರತಾರೇನು? ಎಲ್ಲಾ ಕಂಪ್ಯೂಟರಿನ್ಯಾಗ ಇರತೈತಿ ಅಲ್ಲಿ. ಸುಳ್ಳು ಹೇಳ್ಯಾನ ಅಂತ ಒಮ್ಮೆ ಬರದ್ರ ಮುಗೀತು, ಫೈಲೂ ಹೋತು, ನಾವೂ ಹೋದ್ವಿ.' ಅವನೇ ಮುಂದುವರಿಸಿದ. 'ಬ್ಯಾಡ ಅನ್ನಾಕತ್ತಿಲ್ಲ ನಾ. ಕೊಡು ಪಾಪ. ಅಸಿಸ್ಟೆಂಟ್ ಅಂತ ಹಾಕು. ಡಾಟಾ ಎಂಟ್ರಿ ಮಾಡ್ತಿದ್ಲು ಅಂತ ಬರಿ. ಅದೇನು ಸುಳ್ಳಲ್ಲಲಾ, ಅದನ್ನೂ ಮಾಡ್ತಿದ್ಲು.' ಹೌದು, ಅದನ್ನೂ ಮಾಡುತ್ತಿದ್ದಳು. ಕಸವನ್ನೂ ಗುಡಿಸುತ್ತಿದ್ದಳು. ಡಾಟಾ ಎಂಟ್ರಿಯನ್ನು ಡಿಗ್ರಿಗೆ ಸಮನಾದ ಅನುಭವವೆಂದು ಯಾರೂ ಒಪ್ಪುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹತ್ತು ಗಂಟೆಗೆ ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು, ಹಳೆಯ ಲೆಟರ್‌ಹೆಡ್ಡಿನಲ್ಲಿ ಒಂದು ಹಾಳೆ ತೆಗೆದುಕೊಂಡು, ಟಿಪ್ಪುಸಾಬನ ಝೆರಾಕ್ಸ್ ಅಂಗಡಿಗೆ ಹೋದಳು. ಆಧಾರ್ ತಿದ್ದುಪಡಿಗೆ ಜನ ಸಾಲು ನಿಂತಿದ್ದರು. ಅವಳನ್ನು ಕಂಡದ್ದೇ ಟಿಪ್ಪುಸಾಬ ತಾನು ಕುಳಿತಿದ್ದ ಕುರ್ಚಿಯನ್ನೇ ಹೊರಗೆ ಕೊಟ್ಟು, ಕೂಲರಿನ ಮೋರೆ ಅವಳ ಕಡೆ ತಿರುಗಿಸಿದ. 'ಕುಂದರ್ರಿ ಮ್ಯಾಡಂ. ಏ, ಸ್ವಲ್ಪ ಸರೀರಪಾ, ನಮ್ಮ ಮ್ಯಾಡಂ ಅವರು. ನನಗ ಗಣಿತದಾಗ ಮೂವತ್ತೈದು ಕೊಟ್ಟು ದಡಾ ಹಚ್ಚಿದವರು.' ಸಾಲಿನಲ್ಲಿದ್ದವರು ನಕ್ಕರು. 'ಮೂವತ್ತಾರು' ಎಂದಳು ಕಳಕಮ್ಮ. 'ಆ ಒಂದು ಯಾತಕ್ರಿ?' 'ಅಕ್ಷರ ದುಂಡಗ ಇದ್ದವು.' ಮತ್ತೆ ನಗು. ಫೈಲು ತೆರೆದಾಗ ಅವನು ಓದಲಿಲ್ಲ. ಹಾಳೆ ಯಂತ್ರದಿಂದ ಬರುತ್ತಿದ್ದಂತೆ ಬೋರಲಾಗಿ ಹಿಡಿದು, ಹಾಗೆಯೇ ಮಡಚದೆ ಲಕೋಟೆಗೆ ಹಾಕಿ, ಎರಡೂ ಕೈಯಿಂದ ಕೊಟ್ಟ. ಅವರವರ ಕಾಗದ ಅವರವರಿಗೆ ಎಂಬ ಆ ಮರ್ಯಾದೆ ಅವಳನ್ನು ಅಲ್ಲೇ ಕುರ್ಚಿಯಲ್ಲಿ ಒಂದು ಕ್ಷಣ ಏಳಗೊಡಲಿಲ್ಲ. ಓದಿಬಿಟ್ಟಿದ್ದರೆ, ಇದೇನ್ರಿ ಮ್ಯಾಡಂ, ರಂಜಿ ಅಸಿಸ್ಟೆಂಟ್ ಯಾವಾಗ ಆಗಿದ್ಲು ಎಂದು ಸಾಲಿನ ಎದುರಿಗೇ ಕೇಳಿಬಿಟ್ಟಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದಾಗ ರಂಜಿತಾ ಆಗಲೇ ಗೊಬ್ಬರದ ಅಂಗಡಿಯಲ್ಲಿ, ಚೀಲಗಳ ನಡುವಿನ ಸ್ಟೂಲಿನ ಮೇಲೆ ಕುಳಿತಿದ್ದಳು. ಅಂದಪ್ಪ ಅವಳಿಗೆ ಮಜ್ಜಿಗೆ ತರಿಸಿಕೊಟ್ಟು, ಮೊಬೈಲಿನಲ್ಲಿ ಮೊಮ್ಮಗಳ ಫೋಟೋ ತೋರಿಸುತ್ತಿದ್ದ. 'ನೋಡವಾ, ಹಿಮದಾಗ ಹೆಂಗ ಕುಂತೈತಿ. ನೀ ಹೋದ ಮ್ಯಾಲ ಬಸೂನ ಮನೀಗೆ ಹೋಗಲಾಕ ಬೇಕು ಮತ್ತ. ಅವನ ಸ್ಟೂಡೆಂಟ್ ಅಲ್ಲೇನು ನೀ!' ರಂಜಿತಾ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿ, 'ಕಣ್ಣು ಥೇಟ್ ನಿಮ್ಮವ್ರಿ ಕಾಕಾರ' ಎಂದಳು. ಅಂದಪ್ಪನ ಮುಖ ಅರಳಿತು. ಮೇಲೆ ಹತ್ತುವಾಗ ರಂಜಿತಾ ಕಳಕಮ್ಮನ ಕೈಯಿಂದ ಲಕೋಟೆ ಇಸಿದುಕೊಳ್ಳಲು ಹೋಗಿ, ಅದೇ ಪತ್ರವಿರಬಹುದೆಂದು ತಿಳಿದು ಕೈ ಹಿಂದೆಗೆದು, ಬದಲಿಗೆ ಅವಳ ಮೊಣಕೈ ಹಿಡಿದುಕೊಂಡಳು.

ಕೋಣೆಯಲ್ಲಿ ಕುಳಿತು ರಂಜಿತಾ ಪತ್ರ ಓದಿದಳು. ಸಣ್ಣ ಪತ್ರ, ಎಂಟು ಸಾಲು. ಓದಿ ಮುಗಿಸುವಷ್ಟು ಹೊತ್ತು ಕಳೆದ ಮೇಲೂ ಅವಳ ಕಣ್ಣು ಹಾಳೆಯ ಮೇಲೇ ಇತ್ತು. ಕಳಕಮ್ಮ ಫ್ಯಾನಿನ ವೇಗ ಹೆಚ್ಚಿಸಲು ಎದ್ದಳು, ಅದು ಆಗಲೇ ಐದರಲ್ಲಿತ್ತು. 'ಮ್ಯಾಡಂ' ಎಂದಳು ರಂಜಿತಾ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳುವವರ ದನಿ. 'ಅಸಿಸ್ಟೆಂಟ್ ಅಂತ ಬರದೀರಿ. ಕಂಪನಿಯ ವಕೀಲರು ಕೇಳ್ತಾರ್ರಿ ನನಗ. ಯಾರಿಗೆ ಅಸಿಸ್ಟೆಂಟ್ ಇದ್ದೆ ಅಂತ ಹೇಳ್ಲಿ?'

ಬಾಯಿ ತೆರೆದರೆ ಬಸವಕುಮಾರನ ಹೆಸರು ಬರುತ್ತದೆ ಎಂದು ಕಳಕಮ್ಮ ತುಟಿ ಬಿಗಿಹಿಡಿದಳು. ಆಮೇಲೆ, ಅದೇ ಹೆಸರಿನಿಂದಲೇ, ಎಲ್ಲವನ್ನೂ ಹೇಳಿದಳು. ಎರಡು ವರ್ಷದ ಹಿಂದಿನ ಪತ್ರ, ಒಬ್ಬನೇ ಮಾಡಿದ ಎಂಬ ವಾಕ್ಯ, ನಿನ್ನೆಯ ಫೋನು. ಅಲ್ಪವಿರಾಮ ತಿದ್ದಿದ್ದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು. ಅಳುವಿನ ನಡುವೆಯೇ ಒಳಗೆ ಏನೋ ಒಂದು, ನಾಚಿಕೆಯಿಲ್ಲದೆ, ಕಾಯುತ್ತಿರುವುದು ಅವಳ ಗಮನಕ್ಕೆ ಬಂತು. ಈ ಹುಡುಗಿ ಈಗ ತನ್ನ ಕೈ ಹಿಡಿಯುತ್ತಾಳೆ. ಇರ್ಲಿ ಬಿಡ್ರಿ ಮ್ಯಾಡಂ, ಅಣ್ಣಾರಿಗೆ ಯಾಕ ತೊಂದ್ರಿ, ನನಗ ಮುಂದಿನ ವರ್ಷ ಆಕ್ಕೈತಿ ಬಿಡ್ರಿ ಎನ್ನುತ್ತಾಳೆ. ತಪಾಸಣೆಯ ದಿನ ಹಿಂದಿನ ಬೆಂಚಿಗೆ ತಾನಾಗಿಯೇ ಹೋಗಿ ಕೂತ ಹಾಗೆ. ತಾನು ಹೇಳಿಕೊಂಡದ್ದು ಅದಕ್ಕಾಗಿಯೇ ಏನು? ಬಿಡುಗಡೆಯ ಆಸೆಗೆ?

ರಂಜಿತಾ ಕೈ ಹಿಡಿಯಲಿಲ್ಲ. ಎದ್ದು ಹೋಗಿ ಗಡಿಗೆಯಿಂದ ಒಂದು ಲೋಟ ನೀರು ತಂದು ಅವಳ ಮುಂದಿಟ್ಟಳು. ಮತ್ತೆ ತನ್ನ ಜಾಗದಲ್ಲಿ ಕುಳಿತಳು. ಕಿಟಕಿಯ ಹೊರಗೆ ಯಾರೋ ಹಳೆಯ ಕಬ್ಬಿಣ ಕೇಳಿಕೊಂಡು ಹೋದರು. 'ಬೋರ್ಡಿನ್ಯಾಗ ಅಣ್ಣಾರ ಹೆಸರು ಹಾಕಿದ್ದು ನನಗ ಗೊತ್ತಿತ್ರಿ, ದಿನಾ ಅದರ ಕೆಳಗs ಹಾದು ಬರ್ತಿದ್ದೆ' ಎಂದಳು ಕಡೆಗೆ. 'ಪತ್ರ ಕೊಟ್ಟದ್ದು ಗೊತ್ತಿರಲಿಲ್ಲ.' ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟು, 'ಲೆಟರ್‌ಹೆಡ್ ಇನ್ನೊಂದು ಹಾಳಿ ಐತೇನ್ರಿ?' ಎಂದಳು.

ಇತ್ತು. ಮೂರು ಇದ್ದವು. 'ಪ್ರಿಂಟ್ ಹಾಕಿಸಾಕ ಮತ್ತ ಟಿಪ್ಪುಸಾಬನ ಕಡೆ…' ಎಂದಳು ಕಳಕಮ್ಮ. 'ಕೈಲೆ ಬರದ್ರೂ ನಡಿತೈತ್ರಿ. ಸಹಿ, ಸಿಕ್ಕಾ, ಫೋನ್ ನಂಬರ್ ಇರಬೇಕು ಅಷ್ಟ.' ಹಿಂದೆಲ್ಲ ಕಳಕಮ್ಮ ಪೆನ್ನು ಹುಡುಕಲು ಹೊರಟರೆ ರಂಜಿತಾಳೇ ಎದ್ದು ತಂದುಕೊಡುತ್ತಿದ್ದಳು. ಇವತ್ತು ಏಳಲಿಲ್ಲ. ಡ್ರಾ ಎಳೆದು, ಮೂರನೆಯದರಲ್ಲಿ ಪೆನ್ನು ಸಿಕ್ಕಿ, ಕಳಕಮ್ಮ ಕನ್ನಡಕ ಏರಿಸಿಕೊಂಡು ಬರೆಯತೊಡಗಿದಳು. ತಾರೀಖು, ಕೆಲಸದ ಹೆಸರು, ಅವಳು ಕಲಿಸಿದ ವಿಷಯಗಳು, ಮಿಲ್ಲಿನ ಪ್ರೋಗ್ರಾಮು. ಬರೆಯುತ್ತ ಹೋದಂತೆ ಪ್ರತಿಯೊಂದು ಸಾಲೂ ತನಗೆ ಬಾಯಿಪಾಠವಿದೆ ಎನ್ನಿಸಿತು. ಇರಲೇಬೇಕು, ಇದನ್ನೇ ಒಮ್ಮೆ ಬೇರೆ ಹೆಸರಿನಲ್ಲಿ ಓದಿ ಸಹಿ ಮಾಡಿದವಳು. ಪ್ರೋಗ್ರಾಮನ್ನು ಸಿದ್ಧಪಡಿಸಿದರು ಎಂಬಲ್ಲಿಗೆ ಬಂದು ಪೂರ್ಣವಿರಾಮ ಇಟ್ಟಳು. ಇಷ್ಟೇ ಇದ್ದರೆ ಎರಡು ಪತ್ರಗಳೂ ಹೇಗೋ ಅಕ್ಕಪಕ್ಕ ಬದುಕಬಹುದು, ಇಬ್ಬರೂ ಕೂಡಿ ಮಾಡಿದರೆಂದು ಯಾರಾದರೂ ದೊಡ್ಡ ಮನಸ್ಸು ಮಾಡಿ ಓದಿಕೊಳ್ಳಬಹುದು.

ರಂಜಿತಾ ಬಾಗಿ ನೋಡುತ್ತಿದ್ದಳು. 'ಒಬ್ಬಾಕಿನs ಅಂತ ಬರೀರಿ' ಎಂದಳು.

ಕಳಕಮ್ಮ ತಲೆ ಎತ್ತಿದಳು.

'ವಕೀಲರು ಕೇಳ್ಯಾರ್ರಿ ಅದನ್ನ. ಸ್ವಂತ ಮಾಡಿದ ಕೆಲಸ ಅಂತ ಇರದಿದ್ರ ಲೆಕ್ಕಕ್ಕ ಹಿಡಿಯೂದಿಲ್ಲಂತ.' ಬೆರಳನ್ನು ಆ ಪೂರ್ಣವಿರಾಮದ ಹತ್ತಿರ ಇಟ್ಟಳು. 'ಬ್ಯಾರೆ ಯಾರರ ಇದ್ರೇನ್ರಿ? ಇದ್ರ ಅವರ ಹೆಸರೂ ಬರೀರಿ. ನಾ ಬ್ಯಾಡ ಅನ್ನೂದಿಲ್ಲ.'

ಇರಲಿಲ್ಲ. ಯಾರೂ ಇರಲಿಲ್ಲ. ಮಿಲ್ಲಿನ ಧೂಳಿಗೆ ಕೆಮ್ಮುತ್ತ, ಕಟ್ಟಿದ ಮೂಗಿನಿಂದ, ತೌಡು ಮೆತ್ತಿದ ಚೂಡಿದಾರದಲ್ಲಿ ಮೇಲೆ ಬಂದು, ಮ್ಯಾಡಂ, ಲೆಕ್ಕ ಕೂಡ್ಲಿಲ್ರಿ ಇವತ್ತೂ ಎಂದು ಹೇಳುತ್ತಿದ್ದ ಹುಡುಗಿಯೊಬ್ಬಳ ಹೊರತು ಆ ಆರು ತಿಂಗಳಲ್ಲಿ ಯಾರೂ ಇರಲಿಲ್ಲ. ಕಳಕಮ್ಮ ಪೂರ್ಣವಿರಾಮವನ್ನು ಅಲ್ಪವಿರಾಮ ಮಾಡಿ, ಆ ಮಾತನ್ನು ಬರೆದಳು. ಸಹಿ ಮಾಡಿದಳು. ಸಿಕ್ಕಾದ ಮಸಿ ಒಣಗಿತ್ತು. ಎರಡು ಹನಿ ನೀರು ಬಿಟ್ಟು ತಿಕ್ಕಿ, ಒತ್ತಿದಳು. ನಸು ನೀಲಿಯಾಗಿ ಬಿತ್ತು, ಆದರೆ ಅಕ್ಷರ ಓದಲು ಬರುತ್ತಿದ್ದವು. ರಂಜಿತಾ ಮೊಬೈಲಿನಲ್ಲಿ ಫೋಟೋ ಹೊಡೆದು, ಸರಿ ಬಂದಿದೆಯೇ ಎಂದು ದೊಡ್ಡದು ಮಾಡಿ ನೋಡಿ, ಪತ್ರವನ್ನು ರಟ್ಟಿನ ಕಡತದಲ್ಲಿಟ್ಟುಕೊಂಡಳು. ಅಸಿಸ್ಟೆಂಟ್ ಎಂದಿದ್ದ ಹಾಳೆಯನ್ನು ಹರಿಯಲಿಲ್ಲ, ಒಯ್ಯಲೂ ಇಲ್ಲ. ಮೇಜಿನ ಮೇಲೆ ಬಿಟ್ಟಳು.

ಊಟ ಮಾಡಿಕೊಂಡು ಹೋಗೆಂದರೆ, ಅವ್ವ ರೊಟ್ಟಿ ಬಡಿದು ಕಾಯುತ್ತಿರುತ್ತಾಳೆ ಎಂದಳು. ಪ್ರತಿ ಸಲ ಕಾಲು ಮುಟ್ಟಿ ಹೋಗುತ್ತಿದ್ದವಳು ಇವತ್ತು ಬಾಗಲಿಲ್ಲ. ಕಳಕಮ್ಮನಿಗೆ ನೋವಾಯಿತು. ಆ ನೋವಿನ ಹಿಂದೆಯೇ, ಬಾಗಿದ್ದರೆ ತಾನು ಎಲ್ಲಿ ನೋಡುತ್ತಿದ್ದೆ ಎಂಬ ಯೋಚನೆಯೂ ಬಂತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ರಂಜಿತಾ ತಿರುಗಿದಳು. 'ಅಣ್ಣಾರು ಫೋನ್ ಮಾಡ್ತಾರ್ರಿ. ನೀವು ಊಟಾ ಮಾಡಿ ಆಮ್ಯಾಲ ಎತ್ರಿ. ಬರೇ ಹೊಟ್ಟೀಲೆ ಗುಳಿಗಿ ತಗೋಬ್ಯಾಡ್ರಿ' ಎಂದಳು. ಹಿಡಿಕೆ ಹಿಡಿಯದೆ ಭರಭರ ಇಳಿದುಹೋದಳು.

ಕಳಕಮ್ಮ ಕೆಳಗಿಳಿಯಲು ಬಹಳ ಹೊತ್ತು ಹಿಡಿಯಿತು. ಅಂಗಡಿಯ ಶಟರು ಅರ್ಧ ಎಳೆದು ಅಂದಪ್ಪ ಊಟಕ್ಕೆ ಕುಳಿತಿದ್ದ. 'ಬಾ ಅಕ್ಕಾ, ಪುಂಡಿಪಲ್ಯ ಐತಿ' ಎಂದು ತನ್ನ ಪಕ್ಕದ ಚಾಪೆಯನ್ನು ಕೈಯಿಂದ ಸವರಿದ. 'ಯಾಕ, ಆ ಹುಡಿಗಿ ಹಂಗ ಹೋತು? ಬಸೂನ ಅಡ್ರೆಸ್ ಬರಕೋ ಅಂದ್ರೂ ನಿಂದರಲಿಲ್ಲ.'

ಅವಳು ಗೋಡೆಗೆ ಆನಿಸಿ ನಿಧಾನಕ್ಕೆ ಕುಳಿತುಕೊಂಡಳು. 'ಬಸೂಗ ಫೋನ್ ಹಚ್ಚು' ಎಂದಳು. 'ನಿನ್ನ ಮುಂದನs ಮಾತಾಡ್ತೀನಿ.'

'ಈಗ? ಅಲ್ಲಿ ನಟ್ಟನಡು ರಾತ್ರಿ. ಮಲಗಿರ್ತಾನ ಪಾಪ.'

'ಮಲಗಿರೂದಿಲ್ಲಪಾ' ಎಂದಳು ಕಳಕಮ್ಮ. 'ಹಚ್ಚು.'

ಅಂದಪ್ಪ ಅವಳ ಮುಖ ನೋಡಿದ. ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಮೊಬೈಲು ಎತ್ತಿಕೊಂಡ. ಒಂದೇ ಒಂದು ರಿಂಗಿಗೆ ಆ ಕಡೆಯಿಂದ ಫೋನು ಎತ್ತಿದರು.